ಕಳಕವ್ವನ ಒಲೆಗೆ ನೀರು ಹೊಯ್ದವರು ಯಾರು?

ಹೋದ ವರ್ಷ ಹೋಳಿ ಮುಗಿದ ಮೊದಲ ರವಿವಾರ ಗಜೇಂದ್ರಗಡದ ಆಚೆಯ ಗುಡ್ಡಕ್ಕೆ ಬಿದ್ದ ಬೆಂಕಿಯನ್ನು ಗೋಣೆಪ್ಪ ಒಬ್ಬನೇ ಆರಿಸಿದ. ಒಂದೇ ಕಂಬಳಿ, ಅರ್ಧ ತಾಸು. ಜ್ವಾಲೆ ಎಷ್ಟು ಎತ್ತರ ಎದ್ದಿತ್ತೆಂದರೆ ಸವಡಿ ಊರಿನ ಮೇಲೆ ಹಾರುತ್ತಿದ್ದ ಹದ್ದಿನ ಬಾಲ ಸುಟ್ಟು, ಅದು ಈಗಲೂ ಬಾಲವಿಲ್ಲದೆ ತಿರುಗುತ್ತಿದೆ. ಹೊಗೆ ಎಷ್ಟು ದಟ್ಟವಾಗಿತ್ತೆಂದರೆ ನರಗುಂದದ ಜನ ಮಧ್ಯಾಹ್ನ ಎರಡಕ್ಕೇ ದೀಪ ಹಚ್ಚಿ, ಕೋಳಿಗಳನ್ನು ಬುಟ್ಟಿಯಲ್ಲಿ ಮುಚ್ಚಿ, ಉಂಡು ಮಲಗಿಬಿಟ್ಟರು. ಗೋಣೆಪ್ಪ ಕಂಬಳಿ ಬೀಸಿ ಬೀಸಿ ಬೆಂಕಿಯನ್ನು ಒಂದು ಮೂಲೆಗೆ ಅಟ್ಟಿ, ಉಂಡೆ ಕಟ್ಟಿ, ಬಾಯಿಗೆ ಹಾಕಿಕೊಂಡು ನುಂಗಿದ. ಮನೆಗೆ ಬಂದು ಒಮ್ಮೆ ತೇಗಿದ. ಆ ತೇಗಿನ ಕಾವಿಗೆ ಕಳಕವ್ವನ ಹಂಚಿನ ಮೇಲೆ ಎರಡು ರೊಟ್ಟಿ ಉಬ್ಬಿ ಬೆಂದವು.

ಇದು ಗೋಣೆಪ್ಪನೇ ಹೇಳಿದ್ದು. ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು, ಶಾಲೆ ಬಿಟ್ಟು ಬಂದ ಮಕ್ಕಳಿಗೆ, ವರ್ಷವಿಡೀ ಹೇಳಿದ್ದು.

"ನನ್ನ ಹಂಚಿನ ಮ್ಯಾಲ ಯಾರ ತೇಗಿಗೂ ರೊಟ್ಟಿ ಬೆಂದಿಲ್ಲ," ಎಂದು ಒಳಗಿನಿಂದ ಕಳಕವ್ವ ಹೇಳುತ್ತಿದ್ದಳು. ಅದೂ ವರ್ಷವಿಡೀ ಹೇಳಿದ್ದೇ.

ಕಳಕವ್ವ ಈ ಕುರಿಗಾರ ಗೋಣೆಪ್ಪನನ್ನು ಕಟ್ಟಿಕೊಂಡು ನಲವತ್ತೊಂದು ವರ್ಷವಾಯಿತು. ಈ ನಲವತ್ತೊಂದು ವರ್ಷದಲ್ಲಿ ಅವನ ಯಾವ ಕುರಿಯೂ ಮೂರಕ್ಕಿಂತ ಕಡಿಮೆ ಮರಿ ಹಾಕಿದ್ದಿಲ್ಲ. ಅವನು ಕಂಡ ಯಾವ ಹಾವೂ ಎತ್ತಿನ ಗಾಡಿಗಿಂತ ಗಿಡ್ಡ ಇದ್ದಿಲ್ಲ. ಆಕೆಗೆ ಸಾಕುಸಾಕಾಗಿತ್ತು. ಎಷ್ಟು ಸಾಕಾಗಿತ್ತೆಂದರೆ, ಆಕೆ ಬಿಡುವ ಒಂದೊಂದು ನಿಟ್ಟುಸಿರಿಗೆ ಅಂಗಳದ ಧೂಳೆಲ್ಲ ಎದ್ದು ಪಕ್ಕದ ಮನೆಯ ಸುಗರಾ ಒಣಹಾಕಿದ ಮೆಣಸಿನಕಾಯಿಯ ಮೇಲೆ ಹೋಗಿ ಕೂರುತ್ತಿತ್ತು.

ಇತ್ತೀಚೆಗೆ ಗಂಡನ ಸುಳ್ಳಿಗಿಂತ ಹೆಚ್ಚು ಆಕೆಯನ್ನು ಕಾಡುತ್ತಿದ್ದುದು ಒಲೆ. ಮನೆಯಲ್ಲಿ ಗ್ಯಾಸ್ ಇದೆ, ಇಲ್ಲವೆಂದಲ್ಲ. ಆದರೆ ಜೋಳದ ರೊಟ್ಟಿ ಕಟ್ಟಿಗೆಯ ಒಲೆಯ ಮೇಲೇ ಆಗಬೇಕು, ಸ್ನಾನದ ನೀರು ಅದರ ಮೇಲೇ ಕಾಯಬೇಕು. ಬೆಳಿಗ್ಗೆ ಎದ್ದು ಒಲೆಗೆ ಕೈ ಹಾಕಿದರೆ ಬೂದಿಯೆಲ್ಲ ಕೆಸರು. ಕಟ್ಟಿಗೆ ಇಟ್ಟರೆ ಹೊಗೆ, ಊದಿದರೆ ಹೊಗೆ, ಊದದಿದ್ದರೂ ಹೊಗೆ. ಕಣ್ಣು ಮೆಣಸಿನಕಾಯಿಯಾಗುತ್ತಿತ್ತು.

"ಏನ್ರಿ, ನಿನ್ನಿ ಸಂಜಿ ಒಲ್ಯಾಗ ಕೈ ತೊಳಕೊಂಡ್ರೇನು?"

"ನಾ ಯಾಕ ಒಲ್ಯಾಗ ಕೈ ತೊಳಕೊಳ್ಳಲಿ? ನಮ್ಮನ್ಯಾಗ ಬಚ್ಚಲಾ ಇಲ್ಲೇನು?" ಎಂದ ಗೋಣೆಪ್ಪ.

"ಹಂಗಾರ ಈ ನೀರು ಎಲ್ಲಿಂದ ಬಂತು?"

"ಅದು ನೀರಲ್ಲ, ಬೆವರು. ಬೆಂಕಿಗೆ ನನ್ನ ಅಂಜಿಕಿ ಕೂತೈತಿ. ನಾ ಅಡಗಿಮನಿಗೆ ಕಾಲಿಟ್ರ ಸಾಕು, ಒಲಿ ಗಳಗಳ ಬೆವರತೈತಿ."

ಕಳಕವ್ವ ಊದುಗೊಳವೆಯನ್ನು ನೆಲಕ್ಕೆ ಕುಕ್ಕಿದಳು. ಇಂಥವನ ಕೂಡ ಏನು ಮಾತಾಡುವುದು?

ಗೋಡೆಯ ಆಚೆಯಿಂದ ಸುಗರಾ ಕೇಳಿದಳು. "ಯಕ್ಕಾ, ನಿಮ್ಮ ಒಲಿನೂ ಒದ್ದಿ ಏನ್ರಿ?"

"ನಿಮ್ಮದೂ ಒದ್ದಿ?"

"ದಿನಾ ಮುಂಜಾನಿ. ಇವರು ಮಗ್ಗಕ್ಕ ಹೋಗೂದು ತಡಾ ಆತು ಅಂತ ನನ್ನ ಮ್ಯಾಲ ಒದರತಾರ. ಬೆಕ್ಕು ಅಂದೆ, ನಂಬಲಿಲ್ಲ."

"ಎಂಥಾ ಬೆಕ್ಕವ್ವಾ ಅದು, ಚರಿಗಿ ತುಂಬ ನೀರು ಹೊಯ್ಯೂ ಬೆಕ್ಕು?"

ಸುಗರಾಳ ಗಂಡ ಅಲ್ಲಾಸಾಬ ಗಜೇಂದ್ರಗಡದಲ್ಲಿ ಮಗ್ಗ ನೇಯುತ್ತಾನೆ. ಸುಗರಾ ಸೀತಾಫಲದ ಕಾಲದಲ್ಲಿ ಗುಡ್ಡದ ಹಣ್ಣು ಕಿತ್ತು ಗಜೇಂದ್ರಗಡದ ಬಸ್‌ಸ್ಟ್ಯಾಂಡಿನಲ್ಲಿ ಮಾರುತ್ತಿದ್ದಳು. ಮಾರುತ್ತಿದ್ದಳು ಎನ್ನಬೇಕು, ಏಕೆಂದರೆ ಹೋದ ವರ್ಷದ ಬೆಂಕಿಗೆ ಆ ಇಳಿಜಾರಿನ ಸೀತಾಫಲದ ಗಿಡಗಳು ಒಂದೂ ಉಳಿಯಲಿಲ್ಲ. ಬೆಂಕಿ ಗುಡ್ಡ ಇಳಿದು ಬಂದು ಆಕೆಯ ಮೇವಿನ ಬಣವೆಯನ್ನೂ, ಬಣವೆಯ ಪಕ್ಕದ ಆಡಿನ ಹಟ್ಟಿಯನ್ನೂ ತಿಂದಿತು. ಹಟ್ಟಿಯಲ್ಲಿ ಒಂದು ಆಡು, ಒಂದು ಮರಿ ಇದ್ದವು. ಮರಿಯ ಕಿವಿ ಬೆಳ್ಳಗಿದ್ದವು. ಸುಗರಾಳ ಮಗಳು ಆಸಿಫಾ ಅದಕ್ಕೆ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದಳು.

ಗೋಣೆಪ್ಪನ ಕಥೆಯಲ್ಲಿ ಹದ್ದು ಇತ್ತು, ನರಗುಂದದ ಕೋಳಿಗಳಿದ್ದವು. ಈ ಆಡು, ಈ ಮರಿ ಮಾತ್ರ ಒಂದು ದಿನವೂ ಬಂದಿದ್ದಿಲ್ಲ.

ಆಸಿಫಾಗೆ ಈಗ ಒಂಬತ್ತು. ಆಕೆಯೂ ಕಟ್ಟೆಗೆ ಬರುತ್ತಿದ್ದಳು, ಎಲ್ಲರಿಗಿಂತ ಹಿಂದೆ ಕೂರುತ್ತಿದ್ದಳು. ಕಥೆ ಮುಗಿದ ಮೇಲೆ ದಿನಾ ಒಂದೇ ಪ್ರಶ್ನೆ.

"ಅಜ್ಜಾ, ಆ ಬೆಂಕಿ ಎಲ್ಲಿಂದ ಬಂತು?"

ಸೋಮವಾರ ಕೇಳಿದರೆ ಹಗಲುಹೊತ್ತಿನಲ್ಲೇ ಒಂದು ಚಿಕ್ಕೆ ಕಳಚಿ ಬಿತ್ತು ಎನ್ನುತ್ತಿದ್ದ. ಮಂಗಳವಾರ ಕೇಳಿದರೆ ಎರಡು ಟಗರು ತಲೆಗೆ ತಲೆ ಹೊಡೆದುಕೊಂಡಾಗ ಕಿಡಿ ಹಾರಿತು ಎನ್ನುತ್ತಿದ್ದ. ಬುಧವಾರ ಸೂರ್ಯನೇ ಬಾಯಾರಿ ಒರತೆಯ ನೀರು ಕುಡಿಯಲು ಗುಡ್ಡಕ್ಕೆ ಇಳಿದು ಬಂದಿದ್ದ. ಉಳಿದ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಆಸಿಫಾ ನಗುತ್ತಿದ್ದಿಲ್ಲ. ಎದ್ದು ಹೋಗುತ್ತಿದ್ದಳು.

ಈ ವರ್ಷ ಹೋಳಿ ಇನ್ನೂ ಮೂರು ವಾರ ಇರುವಾಗ ಫಾರೆಸ್ಟ್ ಗಾರ್ಡ್ ಮಹೇಶ್ವರಿ ಸ್ಕೂಟಿಯ ಮೇಲೆ ಬಂದಳು. ಜಕ್ಕಲಿಯ ಹುಡುಗಿ, ಖಾಕಿ ಬಟ್ಟೆ, ಮೊಣಕಾಲಿನ ತನಕ ಧೂಳು. ಕಟ್ಟೆಯ ಮೇಲೆ ಕೂತಿದ್ದ ಗೋಣೆಪ್ಪನಿಗೆ ನಮಸ್ಕಾರ ಮಾಡಿದಳು.

"ಅಜ್ಜಾರ, ಈ ಸಲ ಗುಡ್ಡಕ್ಕ ಯಾರೂ ಬೆಂಕಿ ಹಚ್ಚಬಾರ್ದು. ಅದಕ್ಕ ಶುಕ್ರವಾರ ಸಂಜಿ ಮಹಿಳಾ ಸಂಘದ ಹೆಣ್ಮಕ್ಕಳನ್ನೂ ಕುರಿಗಾರರನ್ನೂ ಕೂಡಿಸಬೇಕಂತ ಮಾಡೀನಿ. ನಿಮ್ಮ ಕಟ್ಟಿ ದೊಡ್ಡದೈತಿ, ಇಲ್ಲೇ ಮಾಡೂಣೇನ್ರಿ?"

"ಮಾಡ್ರಿ. ಆದ್ರ ಒಂದು ಮಾತು, ಬಾಯಿಯವರ," ಎಂದ ಗೋಣೆಪ್ಪ. "ಗುಡ್ಡಾ ಸುಡೂದು ನಮ್ಮ ಮುತ್ಯಾನ ಕಾಲದಿಂದ ಬಂದೈತಿ. ಹಳೇ ಹುಲ್ಲು ಸುಟ್ರ ಹೊಸಾ ಹುಲ್ಲು ಎದಿಮಟ ಬೆಳೀತೈತಿ. ಒಂದು ವರ್ಷ ಎಷ್ಟು ಬೆಳದಿತ್ತು ಅಂದ್ರ, ಕುರಿ ಒಳಗ ಹೋದ್ವು, ಎರಡು ತಿಂಗಳು ಹುಡುಕಿದೆ."

ಮಹೇಶ್ವರಿ ನಗಲಿಲ್ಲ, ಸಿಟ್ಟಿಗೂ ಏಳಲಿಲ್ಲ. "ಸುಟ್ಟ ಮ್ಯಾಲ ಎಂಟು ದಿನ ಹಸರು ಕಾಣತೈತಿ, ಖರೇ. ಆದ್ರ ನೆಲದ ಮ್ಯಾಲ ಹೊದಿಕಿನ ಇರೂದಿಲ್ಲ. ಮೊದಲ ದೊಡ್ಡ ಮಳಿಗೆ ಮ್ಯಾಲಿನ ಮಣ್ಣೆಲ್ಲಾ ತೊಳದು ಕೆರಿಗೆ ಹೋಗತೈತಿ. ಮೆತ್ತನ್ನ ಹುಲ್ಲಿನ ಬೀಜ ಸುಟ್ಟು ಹೋಗತಾವು. ಉಳಿಯೂದು ಒರಟು ಹುಲ್ಲು. ಕುರಿ ಅದನ್ನ ಮೂಸಿ ನೋಡಿ ಬಿಡತಾವು. ಹೌದೋ ಅಲ್ಲೋ?"

"ಅಲ್ಲ," ಎಂದ ಗೋಣೆಪ್ಪ.

ಕಳಕವ್ವನಿಗೆ ತಡೆಯಲಾಗಲಿಲ್ಲ. ಹೊಸ್ತಿಲ ತನಕ ಬಂದಳು. "ಹೋದ ವರ್ಷ ಗುಡ್ಡಾ ಪೂರಾ ಸುಟ್ಟಿತಲ್ಲ, ಎದಿಮಟ ಹುಲ್ಲು ಎಲ್ಲಿತ್ರಿ? ಭರ್ತಿ ಮಳಿಗಾಲದಾಗ ಸವಡಿಯಿಂದ ಟ್ರ್ಯಾಕ್ಟರ್ ತುಂಬ ಕಣಕಿ ಮೇವು ತರಿಸಿದ್ದು ಯಾರು, ನಾನೇನು?"

"ಅದು ಕುರಿಗೆ ಬಾಯಿರುಚಿಗೆ," ಎಂದ ಗೋಣೆಪ್ಪ.

ಕಳಕವ್ವ ಹಣೆಗೆ ಕೈ ಹಚ್ಚಿಕೊಂಡು ಒಳಗೆ ಹೋದಳು. ಹಿಂದಿನಿಂದ ಮಹೇಶ್ವರಿಯ ಮಾತು ಕೇಳಿಸಿತು. "ಹೋದ ವರ್ಷ ಹಚ್ಚಿದವರು ಯಾರಂತ ನಮ್ಮ ಕಾಗದದಾಗ ಇನ್ನೂ ಗೊತ್ತಿಲ್ಲ ಅಂತನ ಐತ್ರಿ."

ಗೋಣೆಪ್ಪ ಕುರಿಗೆ ನೀರು ಕುಡಿಸಬೇಕೆಂದು ಕಟ್ಟೆ ಇಳಿದು ಹೋದ. ಕುರಿಗೆ ನೀರು ಕುಡಿಸಿ ಅರ್ಧ ತಾಸೂ ಆಗಿಲ್ಲ ಎಂಬುದು ಕಳಕವ್ವನಿಗೆ ಗೊತ್ತಿತ್ತು.

ಶುಕ್ರವಾರ ಬಂತು. ಇವತ್ತು ಆ ಬೆಕ್ಕು ಹಿಡಿಯಲೇಬೇಕು ಎಂದು ಕಳಕವ್ವ ಠರಾಯಿಸಿದಳು. ಸಂಜೆ ಕೂಟಕ್ಕೆ ಜನ ಬರುತ್ತಾರೆಂದು ಲಗೂನೇ ರೊಟ್ಟಿ ಬಡಿದು, ಕೆಂಡ ಹಿಂದಕ್ಕೆ ಸರಿಸಿ, ಜೋಳದ ಚೀಲಗಳ ಹಿಂದೆ ಕೂತಳು. ಎಷ್ಟು ಹೊತ್ತು ಕೂತಳೆಂದರೆ, ಚೀಲದ ಜೋಳಕ್ಕೆ ಮೊಳಕೆ ಬರಬೇಕಿತ್ತು. ಕಡೆಗೆ ಹಿಂದಿನ ಬಾಗಿಲು ಸದ್ದಿಲ್ಲದೆ ಸರಿಯಿತು. ಆಸಿಫಾ ಬಂದಳು. ಬಗಲಲ್ಲಿ ಮುಂಜಾನೆ ಮಜ್ಜಿಗೆ ಒಯ್ದು ಈಗ ತಿರುಗಿ ಕೊಡಲು ತಂದ ಬಟ್ಟಲು, ಕೈಯಲ್ಲಿ ನೀರಿನ ಚರಿಗೆ. ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಕೆಂಡದ ಮೇಲೆ ನೀರನ್ನು ನಿಧಾನಕ್ಕೆ ಹೊಯ್ದಳು. ಆಮೇಲೆ ಬೂದಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಮತ್ತೆ ಹೊಯ್ದಳು.

"ಹಿಡದೆ ನೋಡು," ಎಂದು ಕಳಕವ್ವ ಎದ್ದಳು. ಇಷ್ಟು ದಿನದ ಹೊಗೆಯೆಲ್ಲ ಆಕೆಯ ಗಂಟಲಿನಲ್ಲಿತ್ತು. "ನಾ ದಿನಾ ಕಣ್ಣು ಕಳಕೊಂಡು ಊದಿ ಊದಿ ಸಾಯಲಿ, ನೀ ನೀರು ಹೊಯ್ದು ಹೋಗು. ಇದೇನು ಆಟಾ ನಿಂದು? ನಿಮ್ಮವ್ವಗ ಹೇಳ್ಲೇನು?"

ಆಸಿಫಾ ಓಡಲಿಲ್ಲ. ಚರಿಗೆಯನ್ನು ಎದೆಗೆ ಹಿಡಿದುಕೊಂಡಳು.

"ಆಟಾ ಅಲ್ಲ ಆಯಿ. ನಾ ಅವತ್ತ ಒಂದ ಚರಿಗಿ ಹಾಕಿದ್ದೆ. ಎರಡು ಹಾಕಬೇಕಿತ್ತು."

"ಯಾವತ್ತ?"

"ಗುಡ್ಡಾ ಸುಟ್ಟ ದಿನ. ಅಮ್ಮಿ ಕಟಗಿ ಆಯಾಕತ್ತಿದ್ದಳು. ನಾ ಒರತಿ ಹತ್ರ ಮೂರು ಕಲ್ಲು ಇಟ್ಟು ಚಾ ಮಾಡಿದ್ದೆ. ಮೊದಲನೇ ಸಲ, ನಾನ ಮಾಡಿದ್ದು. ಆಮ್ಯಾಲ ನೀರು ಹಾಕಿದೆ. ಆರೈತಿ ಅನಕೊಂಡೆ. ಮನಿಗೆ ಬಂದು ನೋಡಿದ್ರ ಗುಡ್ಡಾ..." ಆಮೇಲೆ ಸಣ್ಣ ದನಿಯಲ್ಲಿ ಹೇಳಿದಳು. "ನನ್ನ ಮರಿ ನಾನ ಸುಟ್ಟೆ ಆಯಿ."

ಕಳಕವ್ವನ ಗಂಟಲಿನ ಹೊಗೆ ಎಲ್ಲಿ ಹೋಯಿತೋ.

"ನೀ ಅಲ್ಲವ್ವಾ," ಎಂದಳು.

"ಹಂಗಾರ ಯಾರು?"

ಕಳಕವ್ವನ ಕಣ್ಣು ತೊಗರಿಬೇಳೆಯ ಡಬ್ಬಿಯ ಕಡೆ ಹೋಯಿತು.

"ಯಾರಂತ ಯಾರಿಗೂ ಗೊತ್ತಿಲ್ಲ ಅಂದ್ರ ಅದು ನಾನ," ಎಂದು ಆಸಿಫಾ ಲೆಕ್ಕ ಮಾಡಿದಂತೆ ಹೇಳಿ, ಬಟ್ಟಲನ್ನು ಒಲೆಯ ಪಕ್ಕಕ್ಕಿಟ್ಟು ಹೊರಟುಹೋದಳು.

ಕಳಕವ್ವ ಒದ್ದೆ ಒಲೆಯ ಮುಂದೆ ಕೂತಳು. ಆಕೆಗೆ ಒಂದು ಕಡ್ಡಿಪೆಟ್ಟಿಗೆ ನೆನಪಾಯಿತು. ಮರೆತಿದ್ದರಲ್ಲವೇ ನೆನಪಾಗುವುದು, ಆಕೆ ಅದನ್ನು ಮರೆತೇ ಇರಲಿಲ್ಲ. ಆ ರವಿವಾರ ಒಲೆಯ ಮೇಲಿನ ಗೂಡಿನಲ್ಲಿಟ್ಟಿದ್ದ ಹೊಸ ಕಡ್ಡಿಪೆಟ್ಟಿಗೆ ಕಾಣೆಯಾಗಿತ್ತು. ಸಂಜೆ ಗೋಣೆಪ್ಪ ಮಸಿ ಬಳಿದುಕೊಂಡು ಬಂದ. ಒಗೆಯಲೆಂದು ಅಂಗಿ ತೆಗೆದುಕೊಂಡರೆ ಕಿಸೆಯಲ್ಲಿ ಅದೇ ಪೆಟ್ಟಿಗೆ. ಗೋಣೆಪ್ಪ ಬೀಡಿ ಸೇದುವವನಲ್ಲ. ಆಕೆ ಅದನ್ನು ತೊಗರಿಬೇಳೆಯ ಡಬ್ಬಿಯ ಹಿಂದೆ ಇಟ್ಟಳು. ಒಂದು ಮಾತು ಕೇಳಲಿಲ್ಲ. ನಲವತ್ತೊಂದು ವರ್ಷ ಅವನ ಸುಳ್ಳಿಗೆ ಬೈದವಳು, ಆ ಒಂದು ವಿಷಯದಲ್ಲಿ ಮಾತ್ರ, ಕೇಳಿದರೆ ಎಲ್ಲಿ ಖರೇ ಹೇಳಿಬಿಡುತ್ತಾನೋ ಎಂದು ಹೆದರಿದ್ದಳು.

ತನ್ನ ಮೇಲೆಯೇ ಆಕೆಗೆ ರೇಜಿಗೆ ಹುಟ್ಟಿತು. ಎದ್ದು ಡಬ್ಬಿ ಸರಿಸಿದಳು.

ಕಟ್ಟೆಯ ಮುಂದೆ ಜನ ಕೂಡಿದ್ದರು. ಸಂಘದ ಹೆಂಗಸರು, ನಾಲ್ಕೈದು ಕುರಿಗಾರರು, ಮುಂದೆ ಮಕ್ಕಳು. ಸುಗರಾ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡಿದ್ದಳು. ಮಹೇಶ್ವರಿ ನೆಲದ ಮೇಲೆ ಸುಣ್ಣದಿಂದ ಗುಡ್ಡದ ಚಿತ್ರ ಬರೆದು, ಅದರ ಬುಡದಲ್ಲಿ ಒಂದು ಗೆರೆ ಎಳೆದಳು.

"ಇದು ಬೆಂಕಿ ಗೆರಿ. ಗಾಡಿ ಹಾದಿಯಷ್ಟು ಅಗಲ, ಒಣಾ ಹುಲ್ಲು, ಎಲಿ ಎಲ್ಲಾ ತಗದು ಬರೇ ಮಣ್ಣು ಬಿಡೂದು. ಬೆಂಕಿಗೆ ತಿನ್ನಾಕ ಏನೂ ಸಿಗದಿದ್ರ ಅಲ್ಲೇ ನಿಲ್ಲತೈತಿ. ಹೋಳಿ ಒಳಗ ಇದು ಆಗಬೇಕು. ಇನ್ನ ಮ್ಯಾಲಿನ ಹುಲ್ಲು ಸುಡೂದು ಬ್ಯಾಡ. ಕುಡಗೋಲು ತಗೊಂಡು ಕೊಯ್ದು ಮನಿಗೆ ತರ್ರಿ. ಎಲ್ಲಿ ಕೊಯ್ಯಬೇಕು ಅಂತ ನಾ ತೋರಸ್ತೀನಿ."

"ಕೊಯ್ಯೂದು ಯಾರು?" ಎಂದ ಗೋಣೆಪ್ಪ. "ಹನ್ನೆರಡು ದಿನದ ಕೆಲಸಾ ಒಂದು ಕಡ್ಡಿ ಮಾಡತೈತಿ. ಬೆಂಕಿಗೆ ಯಾಕಿಷ್ಟು ಅಂಜತೀರಿ? ಬೆಂಕಿ ಅಂದ್ರ ಏನು? ಹೋದ ವರ್ಷದ್ದು ನಾ ಮೊದಲ ನೋಡಿದಾಗ ಕೋಳಿ ಮರಿಯಷ್ಟಿತ್ತು. ನನ್ನ ರುಮಾಲು ಬಿಚ್ಚಿ ಮುಚ್ಚಿದ್ರ ಮುಗೀತಿತ್ತು. ಹೋಗಲಿ, ಮಂದಿಗೂ ಒಂದೀಟು ನೋಡಾಕ ಸಿಗಲಿ ಅಂತ ಬಿಟ್ಟೆ. ಆಮ್ಯಾಲ ಗುಡ್ಡದಷ್ಟಾತು, ಅವಾಗ ಕಂಬಳಿ ತಗೊಂಡು..."

"ಅಜ್ಜಾ," ಎಂದಳು ಆಸಿಫಾ.

ಆಕೆ ಎದ್ದು ನಿಂತಿದ್ದಳು.

"ಕೋಳಿ ಮರಿಯಷ್ಟಿದ್ದಾಗ ನೋಡಿದಿ?"

"ಹೂಂ, ಇಷ್ಟ ಇಷ್ಟು."

"ಎಲ್ಲಿ?"

"ಕರೇಕಲ್ಲಿನ ಬುಡಕ," ಎಂದುಬಿಟ್ಟ ಗೋಣೆಪ್ಪ. ನಾಲಗೆ ತನ್ನ ರೂಢಿಯ ಓಟದಲ್ಲಿತ್ತು. ತಲೆ ಹಿಂದಿನಿಂದ ಬಂದು ತಲುಪುವಷ್ಟರಲ್ಲಿ ಮಾತು ಹೊರಬಿದ್ದಿತ್ತು.

ಕರೇಕಲ್ಲು ಇರುವುದು ಗುಡ್ಡದ ಮೂಡಣ ಬದಿಗೆ. ಒರತೆ ಇರುವುದು ಪಡುವಣ ಬದಿಗೆ. ಅದು ಊರಿನ ಎಲ್ಲ ಮಕ್ಕಳಿಗೂ ಗೊತ್ತು.

"ಅಷ್ಟು ಸಣ್ಣದಿದ್ದಾಗ ನೀ ಒಬ್ಬನ ಅಲ್ಲಿ ಯಾಕ ಇದ್ದಿ ಅಜ್ಜಾ?"

ಗೋಣೆಪ್ಪ ನಕ್ಕ. ಆ ನಗುವಿನ ಜೊತೆ ಯಾರೂ ಹೋಗಲಿಲ್ಲ. ಅವನು ಆಕಾಶ ನೋಡಿದ, ಒಂದು ಚಿಕ್ಕೆ ಬೀಳಿಸಲಿಕ್ಕೆಂದೋ ಏನೋ. ಅಷ್ಟರಲ್ಲಿ ಕಳಕವ್ವ ಹೊರಗೆ ಬಂದು ಕಡ್ಡಿಪೆಟ್ಟಿಗೆಯನ್ನು ಅವನ ಮುಂದೆ ಕಟ್ಟೆಯ ಮೇಲಿಟ್ಟಳು.

"ನಿಮ್ಮ ಕಿಸೇದಾಗಿಂದು," ಎಂದಳು. "ವರ್ಷಾ ನಾ ಮುಚ್ಚಿಟ್ಟಿದ್ದೆ. ಅದು ನನ್ನ ತಪ್ಪು. ಆ ಕೂಸು ತನ್ನ ಚಾದ ಒಲಿಯಿಂದ ಗುಡ್ಡಾ ಸುಟ್ಟಿತು, ತನ್ನ ಮರಿ ತಾನ ಸುಟ್ಟೆ ಅನಕೊಂಡೈತಿ. ದಿನಾ ಸಂಜಿ ಓಣಿ ಒಲಿಗೆಲ್ಲಾ ನೀರು ಹೊಯ್ಯಾಕತ್ತೈತಿ. ಈಗ ಹೇಳ್ರಿ. ಹದ್ದು ಬ್ಯಾಡ, ನರಗುಂದ ಬ್ಯಾಡ. ಇದ್ದದ್ದು ಹೇಳ್ರಿ."

ಗೋಣೆಪ್ಪ ಆಸಿಫಾಳನ್ನು ನೋಡಿದ. ಕಡೆಗೆ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ.

"ನಾ ಹಚ್ಚಿದೆ," ಎಂದ. "ಹುಲ್ಲು ಚಿಗರಲಿ ಅಂತ. ಒಂದು ಕಡ್ಡಿ. ಗಾಳಿ ಇದ್ದಿಲ್ಲ. ಆಮ್ಯಾಲ ಗಾಳಿ ಬಂತು. ಕಂಬಳಿ ತಗೊಂಡು ಬಡದೆ, ಆರಲಿಲ್ಲ. ಬೆಂಕಿಗೆ ಅಂಜಿದೆ. ಓಡಿ ಬಂದೆ. ಆರಿಸಿದವ ನಾ ಅಲ್ಲ. ನಲವತ್ತು ಮಂದಿ ಬೇವಿನ ಟೊಂಗಿ ಮುರಕೊಂಡು ಹೊತ್ತು ಮುಣುಗೂ ತನಕ ಬಡದ್ರು. ನಾ ಕರೆಪ್ಪನ ಗುಡಿ ಹಿಂದ ಕೂತಿದ್ದೆ."

ಅವನು ಕಟ್ಟೆಯಿಂದ ಇಳಿದು ಆಸಿಫಾಳ ಮುಂದೆ ಕೂತ.

"ನಿನ್ನ ಒಲಿ ಅಲ್ಲವ್ವಾ. ನೀ ಒಂದು ಚರಿಗಿ ಹಾಕಿದ್ದಿ. ಅದು ಸಾಕಿತ್ತು. ನಾ ಒಂದು ಹನಿನೂ ಒಯ್ದಿದ್ದಿಲ್ಲ."

"ನನ್ನ ಮರಿ?"

"ಅದೂ ನಾನ."

"ಮತ್ತ ಕಥಿಯಾಗ ಅದು ಯಾಕ ಇರಲಿಲ್ಲ?"

ಆಸಿಫಾ ಕೈಯಲ್ಲಿದ್ದ ಚರಿಗೆಯನ್ನು ನೆಲಕ್ಕಿಟ್ಟಳು. ಆಮೇಲೆ ಅಮ್ಮಿಯ ಸೆರಗಿನಲ್ಲಿ ಮುಖವಿಟ್ಟು, ಆ ಮರಿಗಾಗಿ ಅತ್ತಳು. ವರ್ಷದಿಂದ ಅತ್ತಿದ್ದಿಲ್ಲ. ತಾನೇ ಕೊಂದೆ ಅನ್ನಿಸಿದ್ದಕ್ಕೆ ಅಳುವುದು ಹೇಗೆ?

ಸುಗರಾ ಮಾತ್ರ ಸುಮ್ಮನಾಗಲಿಲ್ಲ. "ಗಿಡಾ ಹೋದ್ವು, ಬಣವಿ ಹೋತು, ನುಂಗಿಕೊಂಡೆ. ನನ್ನ ಮಗಳ ಒಂದು ವರ್ಷಾ ತಿಂದೀರಿ ಯಣ್ಣಾ. ದಿನಾ ಕೇಳತಿದ್ದಳು, ಎಲ್ಲಿಂದ ಬಂತು ಅಂತ. ಒಂದು ದಿನಾನಾದ್ರೂ ಖರೇ ಹೇಳಾಕ ನಾಲಗಿ ಹೊಳ್ಳಲಿಲ್ಲೇನು?"

"ಇಲ್ಲವ್ವಾ," ಎಂದ ಗೋಣೆಪ್ಪ. "ಹೊಳ್ಳಲಿಲ್ಲ."

ಮಹೇಶ್ವರಿ ಚೀಲದಿಂದ ಕಾಗದ ತೆಗೆದಳು. "ಅಜ್ಜಾರ, ಕಾಡಿಗೆ ಬೆಂಕಿ ಹಚ್ಚೂದು ಅಪರಾಧ. ಇದನ್ನ ನಾ ಬರಕೋಬೇಕಾಗತೈತ್ರಿ. ಮುಂದಿಂದು ಸಾಹೇಬ್ರು ನೋಡತಾರ."

"ಬರಕೋರಿ," ಎಂದ ಗೋಣೆಪ್ಪ. "ಆದಷ್ಟ ಬರಕೋರಿ. ಕಡಿಮಿ ಬ್ಯಾಡ, ಹೆಚ್ಚಿಗೂ ಬ್ಯಾಡ."

ಮರುದಿನದಿಂದಲೇ ಬೆಂಕಿ ಗೆರೆಯ ಕೆಲಸ ಶುರುವಾಯಿತು. ಗೋಣೆಪ್ಪ ಒಬ್ಬನೇ ಒಂದೇ ಉಸಿರಿಗೆ ಗಜೇಂದ್ರಗಡದಿಂದ ರೋಣದ ತನಕ ಕೆತ್ತಿದ ಎಂದು ಹೇಳಿದರೆ ಕೇಳಲು ಚಲೋ ಇರುತ್ತದೆ. ಕೆತ್ತಿದ್ದು ದಿನಕ್ಕೆ ಹತ್ತು ಮಾರು, ಅದೂ ನಾಲ್ಕು ಸಲ ಕೂತು. ಆದರೆ ಹನ್ನೊಂದು ದಿನವೂ ಎಲ್ಲರಿಗಿಂತ ಮೊದಲು ಬಂದ. ಉಳಿದ ಕುರಿಗಾರರು ಕುಡುಗೋಲು ಹಿಡಿದು ಹುಲ್ಲು ಕೊಯ್ದರು. ಕೊಯ್ದದ್ದನ್ನು ಮನೆಮನೆಗೆ ಹಂಚಿಕೊಂಡರು. ಮೊದಲ ಹೊರೆ ಸುಗರಾಳ ಅಂಗಳಕ್ಕೆ ಹೋಯಿತು. ಗೋಣೆಪ್ಪ ಅದರ ಹಿಂದೆ ಒಂದು ಆಡಿನ ಮರಿ ಹಿಡಿದುಕೊಂಡು ಹೋದ.

"ಇದು ಅದಲ್ಲ," ಎಂದಳು ಆಸಿಫಾ.

"ಅದಲ್ಲ," ಎಂದು ಗೋಣೆಪ್ಪ ಒಪ್ಪಿಕೊಂಡ.

ಆಸಿಫಾ ಮರಿಯ ಕಿವಿ ಮುಟ್ಟಿ ನೋಡಿ, ಹಗ್ಗ ಹಿಡಿದಳು.

ಆರನೆಯ ದಿನ ಇಳಿಜಾರಿನಲ್ಲಿ ಕಸ ತೆಗೆಯುತ್ತಿದ್ದಾಗ ಆಸಿಫಾ ಕೂಗಿದಳು. ಸುಟ್ಟು ಕಪ್ಪಾದ ಸೀತಾಫಲದ ಬೊಡ್ಡೆಯ ಬುಡದಲ್ಲಿ, ಮಣ್ಣಿಗೆ ಹತ್ತಿ, ಕಿರುಬೆರಳಿನುದ್ದದ ಮೂರು ಚಿಗುರು. ಪಕ್ಕದ ಬೊಡ್ಡೆಯಲ್ಲೂ ಇದ್ದವು. ಸುಗರಾ ಮಂಡಿಯೂರಿ ನೋಡಿದಳು.

"ಮ್ಯಾಲ ಸುಟ್ಟೈತಿ, ಬೇರು ಬದುಕೈತಿ," ಎಂದಳು ಮಹೇಶ್ವರಿ. "ಎರಡ್ಮೂರು ವರ್ಷ ಬೆಂಕಿ ಬೀಳದಂಗ ಕಾಯ್ದರ ಮತ್ತ ಹಣ್ಣು ಬಿಡತೈತಿ. ವರ್ಷಾ ಸುಟ್ರ ಬೇರೂ ದಣೀತೈತಿ. ಆಮ್ಯಾಲ ಏಳೂದಿಲ್ಲ."

ಸುಗರಾ ಗೋಣೆಪ್ಪನ ಕಡೆ ನೋಡಲಿಲ್ಲ. ಆದರೆ ನೀರಿನ ಬಾಟಲಿಯನ್ನು ಅವನ ಕಡೆಗೂ ಚಾಚಿದಳು.

ಓದುವ ಅಕ್ಕ, ಕೇಳುವ ಅಣ್ಣ, ನಿಮ್ಮ ಊರಿನ ಹತ್ತಿರವೂ ಒಂದು ಗುಡ್ಡವೋ ಒಂದು ಹುಲ್ಲುಗಾವಲೋ ಇದ್ದೇ ಇದೆ. ಹುಲ್ಲು ಚಿಗುರಲಿ ಎಂದು ಅದಕ್ಕೆ ಕಡ್ಡಿ ಗೀರಬೇಡಿ. ಅಪ್ಪ ಸುಡುತ್ತಿದ್ದ, ಮುತ್ಯಾ ಸುಡುತ್ತಿದ್ದ ಎಂಬುದು ಕುರಿಯ ಹೊಟ್ಟೆ ತುಂಬಿಸುವುದಿಲ್ಲ. ಅರಣ್ಯದವರನ್ನು ಕೇಳಿ, ಅವರು ತೋರಿಸಿದ ಕಡೆ ಕೊಯ್ದು ತನ್ನಿ. ಬೇಸಿಗೆ ಬಲಿಯುವ ಮೊದಲೇ ಊರೆಲ್ಲ ಕೂಡಿ ಬೆಂಕಿ ಗೆರೆ ಮಾಡಿ. ಗುಡ್ಡದಲ್ಲಿ ಚಹಾ ಕಾಸಿದರೆ ಆಸಿಫಾಳ ಹಾಗೆ ನೀರು ಹೊಯ್ದು, ಬೂದಿ ಕದಡಿ, ತಣ್ಣಗಾಗಿದೆಯೇ ಎಂದು ಕೈ ಹತ್ತಿರ ಒಯ್ದು ನೋಡಿ ಏಳಿ. ಬೀಡಿಯ ತುಂಡನ್ನು ಮಣ್ಣಿನಲ್ಲಿ ಹೊಸಕಿ. ಹೊಗೆ ಕಂಡರೆ ಯಾರಾದರೂ ಹೇಳಿಯಾರು ಎಂದು ಕಾಯದೆ 112ಕ್ಕೆ ಫೋನ್ ಮಾಡಿ.

ಇನ್ನೂ ಒಂದಿದೆ. ಏನಾದರೂ ಕಳೆದುಕೊಂಡ ಮಗು ಮನೆಯಲ್ಲಿದ್ದರೆ, ಅದು ಹೇಗಾಯಿತು ಎಂಬುದನ್ನು ಇದ್ದ ಹಾಗೆ ಹೇಳಿ. ದೊಡ್ಡವರು ಬಿಟ್ಟ ಖಾಲಿ ಜಾಗದಲ್ಲಿ ಮಕ್ಕಳು ತಮ್ಮದೇ ಹೆಸರು ಬರೆದುಕೊಳ್ಳುತ್ತವೆ. ನಿಮ್ಮ ಮನೆಯಲ್ಲಿ ಯಾವುದಾದರೂ ಕೂಸು ಸುಮ್ಮಸುಮ್ಮನೆ ಒಲೆಗೆ ನೀರು ಹೊಯ್ಯುತ್ತಿದ್ದರೆ ಬೈಯುವ ಮೊದಲು ಒಮ್ಮೆ ಕೇಳಿ.

ಕಳಕವ್ವನ ಒಲೆ ಈಗ ಒಣಗಿದೆ. ಸಂಜೆ ಕಟ್ಟೆಯ ಮೇಲೆ ಕಥೆಯೂ ನಿಂತಿಲ್ಲ. ಹೋಳಿ ಮುಗಿದು, ಗುಡ್ಡ ಒಂದು ಕಡ್ಡಿಯಷ್ಟೂ ಸುಡದೆ ಉಳಿದ ಮೇಲೆ, ಮಕ್ಕಳು ಮತ್ತೆ ಗೋಣೆಪ್ಪನನ್ನು ಸುತ್ತಿಕೊಂಡರು. ಈ ಸಲ ಆಸಿಫಾ ಮುಂದೆ ಕೂತಿದ್ದಳು, ಮರಿ ಆಕೆಯ ತೊಡೆಯ ಮೇಲಿತ್ತು.

"ಈ ವರ್ಷ ಗುಡ್ಡಾ ಯಾಕ ಸುಡಲಿಲ್ಲ ಗೊತ್ತೇನು?" ಎಂದು ಗೋಣೆಪ್ಪ ಶುರುಮಾಡಿದ. "ನಾ ಒಂದು ಗೆರಿ ಹೊಡದೆ. ಎಷ್ಟು ಅಗಲ ಅಂದ್ರ, ಬೆಂಕಿ ಈ ದಂಡಿಗೆ ನಿಂತು ಆ ದಂಡಿ ಕಾಣದ ಕಂಗಾಲಾತು. ನನ್ನ ಕಡೆ ನೋಡಿ ಕೈ ಮುಗದು..."

ಒಳಗಿನಿಂದ ಕಳಕವ್ವ ಕೆಮ್ಮಿದಳು. ಅದು ಹೊಗೆಯ ಕೆಮ್ಮಲ್ಲ.

ಗೋಣೆಪ್ಪ ನಿಲ್ಲಿಸಿದ. ಆಸಿಫಾ ಅವನನ್ನೇ ನೋಡುತ್ತಿದ್ದಳು. ಅವನು ರುಮಾಲು ಸರಿಮಾಡಿಕೊಂಡ.

"ಸುಳ್ಳು," ಎಂದ. "ಗಾಡಿ ಹಾದಿಯಷ್ಟ ಅಗಲ. ಮಾಡಿದವರು ಊರ ಮಂದಿ. ಹೋದ ವರ್ಷ ಕಡ್ಡಿ ಗೀರಿದವ ಮಾತ್ರ ನಾನ."